ಸೋತವರ ಜಮೀನು: ಜಪ್ತಿ, ದಂಡ, ಹರಾಜು

ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲೆಂಡಿನಲ್ಲಿ 1642ರಿಂದ 1651ರವರೆಗೆ ರಾಜನ ಕಡೆಯವರಿಗೂ ಪಾರ್ಲಿಮೆಂಟಿನ ಕಡೆಯವರಿಗೂ ನಡೆದ ಅಂತರ್ಯುದ್ಧದ ಬಗ್ಗೆ ಕಳೆದ ಸಂಚಿಕೆಯಲ್ಲಿ ಲೇಖನ ಬಂದಿತ್ತು. ಅದರಲ್ಲಿ "ಸೋತ ರಾಜಪಕ್ಷದವರ ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳಲಾಯಿತು" ಎಂಬ ಒಂದು ಸಾಲಿತ್ತು. ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಆ ಸಾಲನ್ನೇ ಹಿಡಿದು ಕೇಳಿವೆ. ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಆ ಸಾಲು ಅರ್ಧ ಮಾತ್ರ ನಿಜ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ರಾಜನ ಪರವಾಗಿ ನಿಂತ ಎಲ್ಲರ ಜಮೀನೂ ಹೋಯಿತೆ? (ಮೈಸೂರಿನ ಓದುಗರು)

ಇಲ್ಲ. ನಡೆದದ್ದು ಮೂರು ಬೇರೆ ಬೇರೆ ಕ್ರಮ. ಅವನ್ನು ಒಂದೇ ಎಂದು ಹಿಡಿದರೆ ಮುಂದಿನದೆಲ್ಲ ಗೋಜಲಾಗುತ್ತದೆ.

ಮೊದಲನೆಯದು ಜಪ್ತಿ. ಇದರಲ್ಲಿ ಮಾಲೀಕತ್ವ ಹೋಗುವುದಿಲ್ಲ. ಜಮೀನು ಅವನ ಹೆಸರಿನಲ್ಲೇ ಇರುತ್ತದೆ, ಗೇಣಿ ಮಾತ್ರ ಪಾರ್ಲಿಮೆಂಟಿನ ಬೊಕ್ಕಸಕ್ಕೆ ಹೋಗುತ್ತದೆ. ಎರಡನೆಯದು ದಂಡ ಕಟ್ಟಿ ಬಿಡಿಸಿಕೊಳ್ಳುವುದು. ನಮ್ಮ ಕೋರ್ಟುಗಳಲ್ಲಿ ಕೇಸನ್ನು 'ಕಾಂಪೌಂಡ್ ಮಾಡಿಕೊಂಡರು' ಅನ್ನುತ್ತೇವಲ್ಲ, ಆಗ ಅಲ್ಲಿ ಬಳಸುತ್ತಿದ್ದದ್ದೂ ಅದೇ ಪದ. ತಪ್ಪೊಪ್ಪಿಕೊಂಡು ಗೊತ್ತುಪಡಿಸಿದ ಹಣ ಕಟ್ಟಿದರೆ ಜಪ್ತಿ ತೆರವಾಗುತ್ತಿತ್ತು. ಮೂರನೆಯದೇ ನಿಜವಾದ ಮುಟ್ಟುಗೋಲು. ಕಾಯ್ದೆಯಲ್ಲಿ ಹೆಸರು ಬರೆದು ಜಮೀನನ್ನು ಮಾರಿಬಿಡುವುದು. ಇದು ಬಂದದ್ದು ತಡವಾಗಿ, 1651ರಲ್ಲಿ.

ದಂಡ ಕಟ್ಟಿ ಬಿಡಿಸಿಕೊಂಡವರು 3,000ಕ್ಕೂ ಹೆಚ್ಚು ಮಂದಿ. ಮಾರಾಟದ ಕಾಯ್ದೆಗಳಲ್ಲಿ ಹೆಸರು ಬಂದವರು 800ಕ್ಕಿಂತ ಕಡಿಮೆ. ಹಾಗಾಗಿ ಸಾಮಾನ್ಯ ರಾಜಪಕ್ಷದ ಜಮೀನ್ದಾರನ ಅನುಭವ ಜಮೀನು ಕಳೆದುಕೊಂಡದ್ದಲ್ಲ, ಅದನ್ನು ಉಳಿಸಿಕೊಳ್ಳಲು ಸಾಲದಲ್ಲಿ ಮುಳುಗಿದ್ದು.

ಜಪ್ತಿ ಊರಿನ ಮಟ್ಟದಲ್ಲಿ ಹೇಗೆ ನಡೆಯುತ್ತಿತ್ತು? ಗೇಣಿದಾರರ ಗತಿ ಏನಾಯಿತು? (ಹಾವೇರಿಯ ಓದುಗರು)

1643ರ ಮಾರ್ಚ್ 27ರ ಸುಗ್ರೀವಾಜ್ಞೆ ಇದಕ್ಕೆ ಬುನಾದಿ. ರಾಜನ ಸೈನ್ಯಕ್ಕೆ ಸೇರಿದವರು, ಹಣ, ಕುದುರೆ, ಆಯುಧ ಕೊಟ್ಟವರು 'ಡೆಲಿಂಕ್ವೆಂಟ್' ಅಂದರೆ ತಪ್ಪಿತಸ್ಥರು. ಅವರ ಆಸ್ತಿ ಪೂರ್ತಿ ಜಪ್ತಿ. ಕ್ಯಾಥೊಲಿಕರು ಕತ್ತಿ ಹಿಡಿಯದಿದ್ದರೂ ಮೂರರಲ್ಲಿ ಎರಡು ಪಾಲು ಜಪ್ತಿಯಾಗುತ್ತಿತ್ತು, ಹಿಡಿದಿದ್ದರೆ ಪೂರ್ತಿ. ಅದೇ ವರ್ಷದ ಆಗಸ್ಟಿನಲ್ಲಿ ಇನ್ನೊಂದು ಸುಗ್ರೀವಾಜ್ಞೆ ಬಂದು ಬಲೆಯನ್ನು ಅಗಲಿಸಿತು.

ಪ್ರತಿ ಕೌಂಟಿಗೂ, ಅಂದರೆ ಅಲ್ಲಿನ ಜಿಲ್ಲೆಗೂ, ಒಂದು ಸಮಿತಿ, ಅದರ ಕೈಕೆಳಗೆ ವಸೂಲಿಗಾರರು. ಅವರು ಮೊದಲು ಗೇಣಿದಾರರನ್ನು ಕರೆಸಿ, ಇನ್ನು ಮುಂದೆ ಗೇಣಿ ಧಣಿಗಲ್ಲ, ಸಮಿತಿಗೆ ಎಂದು ತಿಳಿಸುತ್ತಿದ್ದರು. ಆಮೇಲೆ ಮನೆ ಹೊಕ್ಕು ಮಂಚ, ಪಾತ್ರೆ, ದನಕರು, ಕಣಜದ ಕಾಳು ಎಲ್ಲದರ ಪಟ್ಟಿ ಮಾಡಿ ಬೆಲೆ ಕಟ್ಟುತ್ತಿದ್ದರು. ಸಾಮಾನು ಮಾರಾಟಕ್ಕೆ, ಜಮೀನು ಗೇಣಿಗೆ.

ಗೇಣಿದಾರರ ಪಾಡು ಕೆಟ್ಟದ್ದು. ಆಕ್ಸ್‌ಫರ್ಡಿನಲ್ಲಿದ್ದ ರಾಜನ ಕಡೆಯವರೂ ಪಾರ್ಲಿಮೆಂಟಿನವರ ಜಮೀನನ್ನು ಹೀಗೆಯೇ ಜಪ್ತಿ ಮಾಡುತ್ತಿದ್ದರು. ಎರಡೂ ಸೈನ್ಯ ಓಡಾಡುವ ಗಡಿಭಾಗದಲ್ಲಿ ಒಂದೇ ಹೊಲಕ್ಕೆ ಎರಡು ಕಡೆಗೂ ಗೇಣಿ ತೆತ್ತವರಿದ್ದರು. ಇನ್ನೊಂದು ತೊಂದರೆ ಅವಧಿಯದು. ಜಪ್ತಿಯಾದ ಜಮೀನು ನಾಳೆ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲದ್ದರಿಂದ ಅದನ್ನು ಅಲ್ಪಾವಧಿಗೆ ಕೊಡುತ್ತಿದ್ದರು. ಮುಂದಿನ ವರ್ಷ ತನ್ನದಲ್ಲದ ಹೊಲಕ್ಕೆ ಗೊಬ್ಬರ ಹಾಕುವವನು ಯಾರು? ಬೇಲಿ ಕಟ್ಟುವವನು ಯಾರು? ಮರ ಕಡಿದು ಮಾರುವುದೊಂದೇ ಬೇಗ ಹಣವಾಗುವ ದಾರಿ. ಜಪ್ತಿಯಿಂದ ಬಿಡಿಸಿಕೊಂಡ ಎಷ್ಟೋ ಮಂದಿಗೆ ಸಿಕ್ಕಿದ್ದು ಮರವಿಲ್ಲದ ತೋಪು, ಸೋರುವ ಕೊಟ್ಟಿಗೆ.

ದಂಡದ ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತಿದ್ದರು? ಒಂದು ಉದಾಹರಣೆ ಕೊಟ್ಟು ಹೇಳಿ. (ಉಡುಪಿಯಿಂದ, ಲೆಕ್ಕಪರಿಶೋಧಕರೊಬ್ಬರು)

ಲೆಕ್ಕದ ಬುಡ ವಾರ್ಷಿಕ ಹುಟ್ಟುವಳಿ. ಯುದ್ಧಕಾಲದ ಕುಸಿದ ಆದಾಯವಲ್ಲ, ಯುದ್ಧಕ್ಕೆ ಮೊದಲು ಸುಮಾರು 1640ರಲ್ಲಿ ಇದ್ದ ಆದಾಯ. ದಂಡ ತೆರುವವನಿಗೆ ಮೊದಲ ಏಟು ಇಲ್ಲೇ. ಅವನ ಕೈಗೆ ಈಗ ಬರುತ್ತಿದ್ದದ್ದು ಅದರ ಅರ್ಧವೂ ಇರಲಿಕ್ಕಿಲ್ಲ.

ಆಗಿನ ಇಂಗ್ಲೆಂಡಿನಲ್ಲಿ ಜಮೀನಿನ ಬೆಲೆಯನ್ನು ಸುಮಾರು 20 ವರ್ಷದ ಹುಟ್ಟುವಳಿ ಎಂದು ಹಿಡಿಯುತ್ತಿದ್ದರು. ದಂಡ ಈ ಬೆಲೆಯಲ್ಲಿ ಒಂದು ಪಾಲು. ಹತ್ತರಲ್ಲಿ ಒಂದು ಎಂದರೆ ಎರಡು ವರ್ಷದ ಹುಟ್ಟುವಳಿ. ಆರರಲ್ಲಿ ಒಂದನ್ನು ಸಾಮಾನ್ಯವಾಗಿ ಮೂರು ವರ್ಷದ ಹುಟ್ಟುವಳಿ ಎಂದೇ ಎಣಿಸುತ್ತಿದ್ದರು. ತಪ್ಪು ದೊಡ್ಡದಾದಂತೆ ಪಾಲು ಮೂರರಲ್ಲಿ ಒಂದು, ಅರ್ಧ, ಮೂರರಲ್ಲಿ ಎರಡರವರೆಗೆ ಏರುತ್ತಿತ್ತು. ಪಾರ್ಲಿಮೆಂಟ್ ಸದಸ್ಯನಾಗಿದ್ದು ರಾಜನ ಕಡೆಗೆ ಹೋದವನಿಗೆ ದರ ಹೆಚ್ಚು, ಏಕೆಂದರೆ ಅವನು ತನ್ನ ಸದನಕ್ಕೇ ಎರಡು ಬಗೆದವನು.

ಈಗ ಒಂದು ಕಲ್ಪಿತ ಲೆಕ್ಕ. ಒಬ್ಬನಿಗೆ ವರ್ಷಕ್ಕೆ 300 ಪೌಂಡ್ ಹುಟ್ಟುವಳಿ. ತಂದೆ ಉಯಿಲಿನಲ್ಲಿ ತಂಗಿಗೆ ವರ್ಷಕ್ಕೆ 60 ಪೌಂಡ್ ಬರೆದಿದ್ದಾನೆ. ಆ ಪತ್ರ ಯುದ್ಧಕ್ಕೆ ಮೊದಲಿನದೆಂದು ತೋರಿಸಿಕೊಟ್ಟರೆ 60 ಕಳೆದು 240 ಉಳಿಯಿತು. ಹತ್ತರಲ್ಲಿ ಒಂದರ ದರವಾದರೆ ದಂಡ 480 ಪೌಂಡ್, ಆರರಲ್ಲಿ ಒಂದಾದರೆ 720. ಉಯಿಲಿನ ಪ್ರತಿ ಸಿಕ್ಕದೆ ಹೋದರೆ 600 ಅಥವಾ 900. ಒಂದು ಹಳೆಯ ಕಾಗದ ಇದ್ದು ಇಲ್ಲದ್ದಕ್ಕೆ 120ರಿಂದ 180 ಪೌಂಡಿನ ವ್ಯತ್ಯಾಸ. ಜಮೀನು ಅವನ ಜೀವಮಾನಕ್ಕೆ ಮಾತ್ರ, ಆಮೇಲೆ ಮಗನಿಗೆ ಎಂದು ವ್ಯವಸ್ಥೆಯಾಗಿದ್ದರೆ ದಂಡ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಹಾಗಾಗಿ ವಕೀಲರ ಕೆಲಸವೆಲ್ಲ ಹಕ್ಕಿನ ಬಗೆಯನ್ನು ಸರಿಯಾಗಿ ಬರೆಯುವುದರಲ್ಲಿತ್ತು.

ಚರ್ಚಿನ ದಶಮಾಂಶ ಕಂದಾಯ ವಸೂಲು ಮಾಡುವ ಹಕ್ಕು ಎಷ್ಟೋ ಜಮೀನ್ದಾರರ ಕೈಯಲ್ಲಿತ್ತು. ಅದನ್ನು ಊರಿನ ಪಾದ್ರಿಯ ಸಂಬಳಕ್ಕೆ ಬಿಟ್ಟುಕೊಟ್ಟರೆ ದಂಡದಲ್ಲಿ ರಿಯಾಯಿತಿ ಸಿಗುತ್ತಿತ್ತು. ಬಡ ಪಾದ್ರಿಗಳಿಗೆ ಸರ್ಕಾರದ ಕಾಸು ಖರ್ಚಾಗದೆ ಸಂಬಳ ಹೆಚ್ಚಿಸಲು ಕಂಡುಕೊಂಡ ಜಾಣ ದಾರಿ ಅದು.

ಅರ್ಜಿ ಕೊಡುವುದರಿಂದ ಹಿಡಿದು ಜಮೀನು ಕೈಗೆ ಬರುವವರೆಗೆ ಏನೇನು ಆಗಬೇಕಿತ್ತು? (ಬೆಳಗಾವಿಯ ವಕೀಲರು)

ಮೊದಲು ಲಂಡನ್ನಿಗೆ ಹೋಗಬೇಕು. ಸಮಿತಿ ಕೂರುತ್ತಿದ್ದದ್ದು ಅಲ್ಲಿನ ಅಕ್ಕಸಾಲಿಗರ ಸಂಘದ ಕಟ್ಟಡದಲ್ಲಿ, ಗೋಲ್ಡ್‌ಸ್ಮಿತ್ಸ್ ಹಾಲಿನಲ್ಲಿ. ಸ್ಕಾಟ್ಲೆಂಡಿನ ಸೈನ್ಯಕ್ಕೆ ಕೊಡಬೇಕಾದ ಹಣ ಕೂಡಿಸಲು 1643ರಲ್ಲಿ ನೇಮಿಸಿದ ಸಮಿತಿಯೇ ಮುಂದೆ ದಂಡದ ಸಮಿತಿಯಾಯಿತು. ಹುಟ್ಟಿದ್ದೇ ಹಣಕ್ಕಾಗಿ ಎಂಬುದನ್ನು ನೆನಪಿಟ್ಟರೆ ಅದರ ನಡೆ ಅರ್ಥವಾಗುತ್ತದೆ. ಅದಕ್ಕೆ ಬೇಕಿದ್ದದ್ದು ಸೇಡಲ್ಲ, ರೊಕ್ಕ.

ಅರ್ಜಿಯಲ್ಲಿ ತಪ್ಪೊಪ್ಪಿಗೆ ಇರಬೇಕು: ಯಾವಾಗ ರಾಜನ ಕಡೆ ಸೇರಿದೆ, ಎಲ್ಲಿದ್ದೆ, ಯಾವಾಗ ಶರಣಾದೆ. ಜೊತೆಗೆ ಎರಡು ಪ್ರಮಾಣಗಳ ದೃಢೀಕರಣ. ಒಂದು ಪಾರ್ಲಿಮೆಂಟು ಸ್ಕಾಟ್ಲೆಂಡಿನ ಜೊತೆ ಮಾಡಿಕೊಂಡ 1643ರ ಧಾರ್ಮಿಕ ಒಡಂಬಡಿಕೆಯದು, ಅದಕ್ಕೆ ಸಾಮಾನ್ಯವಾಗಿ ಪಾದ್ರಿಯ ಸಹಿ. ಇನ್ನೊಂದು ಪಾರ್ಲಿಮೆಂಟಿನ ವಿರುದ್ಧ ರಾಜನಿಗೆ ಸಹಾಯ ಮಾಡುವುದಿಲ್ಲ ಎಂಬ 1645ರ ಪ್ರಮಾಣ. ಆಮೇಲೆ ಆಸ್ತಿಯ ವಿವರಪಟ್ಟಿ, ಅದೇ ಎಲ್ಲದರ ತಿರುಳು. ಯಾವ ಊರು, ಯಾವ ಬಗೆಯ ಹಕ್ಕು, 1640ರ ಹುಟ್ಟುವಳಿ, ಚರ ಸೊತ್ತು, ಬರಬೇಕಾದ ಸಾಲ, ಕೊಡಬೇಕಾದ ಸಾಲ, ಅಡಮಾನ ಎಲ್ಲವನ್ನೂ ಬರೆದು ಸಹಿ ಹಾಕಬೇಕು. ಕೌಂಟಿ ಸಮಿತಿಯಿಂದಲೂ ಮೌಲ್ಯದ ವರದಿ ಬರಬೇಕು. ಉಪಸಮಿತಿ ಎರಡನ್ನೂ ತಾಳೆ ನೋಡಿ ವರದಿ ಬರೆದ ಮೇಲೆ ದಂಡ ಗೊತ್ತಾಗುತ್ತಿತ್ತು.

ಅರ್ಧ ಹಣ ಕೂಡಲೇ, ಉಳಿದರ್ಧಕ್ಕೆ ಜಾಮೀನು ಮತ್ತು ಗಡುವು. ಮೊದಲರ್ಧ ಕಟ್ಟಿದಾಗ ಜಪ್ತಿ 'ತಡೆ'ಯಾಗುತ್ತಿತ್ತು, ರದ್ದಾಗುತ್ತಿರಲಿಲ್ಲ. ಬಹಳ ಮಂದಿ ಎಡವಿದ್ದು ಈ ಜಾಗದಲ್ಲಿ. ಗಡುವು ತಪ್ಪಿದರೆ ವಸೂಲಿಗಾರ ಮತ್ತೆ ಬಾಗಿಲಿಗೆ ಬರುತ್ತಿದ್ದ. ಪೂರ್ತಿ ಕಟ್ಟಿ, ಪಾರ್ಲಿಮೆಂಟು ಒಪ್ಪಿ, ಮಹಾಮುದ್ರೆಯ ಕ್ಷಮಾಪತ್ರ ಕೈಗೆ ಬಂದಾಗಲೇ ಕೆಲಸ ಮುಗಿದಂತೆ. ಜಪ್ತಿಯ ಕಾಲದಲ್ಲಿ ಸಮಿತಿ ವಸೂಲು ಮಾಡಿಕೊಂಡ ಗೇಣಿಯಲ್ಲಿ ಒಂದು ಕಾಸೂ ವಾಪಸಿಲ್ಲ. ದಂಡದ ಮೊತ್ತವನ್ನು ಮಾತ್ರ ನೋಡಿ ನಷ್ಟ ಲೆಕ್ಕ ಹಾಕುವವರು ಈ ಹಣವನ್ನು ಮರೆತುಬಿಡುತ್ತಾರೆ.

ಒಬ್ಬನಿಗೆ ಹತ್ತನೇ ಒಂದು, ಇನ್ನೊಬ್ಬನಿಗೆ ಮೂರನೇ ಒಂದು. ಇದರಲ್ಲಿ ನ್ಯಾಯ ಎಲ್ಲಿದೆ? (ತುಮಕೂರಿನ ಓದುಗರು)

ಹೆಚ್ಚಿನ ಸಲ ಅದು ಎಲ್ಲಿ ಶರಣಾದ ಎಂಬುದರ ಮೇಲೆ ನಿಂತಿತ್ತು. ಕೋಟೆಗಳು ಶರಣಾಗುವಾಗ ಕರಾರು ಬರೆಯುತ್ತಿದ್ದರು. 1646ರ ಏಪ್ರಿಲಿನಲ್ಲಿ ಎಕ್ಸೆಟರ್, ಅದೇ ವರ್ಷದ ಜೂನ್ 24ರಂದು ಆಕ್ಸ್‌ಫರ್ಡ್ ಒಪ್ಪಿಸಿದಾಗ, ಒಳಗಿದ್ದವರಿಗೆ ಎರಡು ವರ್ಷದ ಹುಟ್ಟುವಳಿಗಿಂತ ಹೆಚ್ಚು ದಂಡ ಹಾಕಬಾರದು ಎಂದು ಕರಾರಾಯಿತು. ಹಾಗಾಗಿ ಆ ದಿನ ಆಕ್ಸ್‌ಫರ್ಡಿನ ಗೋಡೆಯೊಳಗೆ ಇದ್ದೆ ಎಂದು ತೋರಿಸುವ ಚೀಟಿಗೆ ಬಂಗಾರದ ಬೆಲೆ.

ಸಂಸತ್ತು ತಾನೇ ಬರೆಸಿದ ಕರಾರನ್ನು ಸದಾ ಪಾಲಿಸಿತೆ? ಇಲ್ಲ. ಸಾಮರ್‌ಸೆಟ್ ಕೌಂಟಿಯ ಸರ್ ಜಾನ್ ಸ್ಟಾವೆಲ್ ಎಕ್ಸೆಟರ್ ಕರಾರಿನ ಪ್ರಕಾರ ಗೋಲ್ಡ್‌ಸ್ಮಿತ್ಸ್ ಹಾಲಿಗೆ ಬಂದ. ಆ ಕರಾರಿನಲ್ಲಿ ಪ್ರಮಾಣ ಮಾಡುವ ಷರತ್ತು ಇಲ್ಲ, ಹಾಗಾಗಿ ಮಾಡುವುದಿಲ್ಲ ಎಂದ. ಸಮಿತಿ ಒಪ್ಪಲಿಲ್ಲ. ಅವನನ್ನು ಜೈಲಿಗೆ ಹಾಕಿದರು, ವಿಚಾರಣೆ ನಡೆಸಿದರು, 1651ರ ಕಾಯ್ದೆಯಲ್ಲಿ ಹೆಸರು ಸೇರಿಸಿ ಜಮೀನು ಮಾರಿದರು. ಕರಾರಿನ ಅಕ್ಷರ ಅವನ ಕಡೆಗಿತ್ತು ಎಂದೇ ನಮ್ಮ ಅಭಿಪ್ರಾಯ. ಅವನಿಗೆ ಆದದ್ದು ಅನ್ಯಾಯ.

ಗಂಡ ಮಾಡಿದ ತಪ್ಪಿಗೆ ಹೆಂಡತಿ ಮಕ್ಕಳು ಬೀದಿಗೆ ಬೀಳಬೇಕಿತ್ತೆ? (ಹಾಸನದ ಓದುಗರು)

ಐದರಲ್ಲಿ ಒಂದು ಪಾಲು ಅವರಿಗೆ ಕೊಡಬಹುದು ಎಂದು 1643ರ ಆಗಸ್ಟಿನ ಸುಗ್ರೀವಾಜ್ಞೆ ಹೇಳಿತ್ತು. ಆದರೆ ಅದು ತಾನಾಗಿ ಬರುವುದಲ್ಲ, ಹೋಗಿ ಕೇಳಬೇಕು. ಗಂಡಸರು ಜೈಲಿನಲ್ಲೋ ಪರದೇಶದಲ್ಲೋ ಇದ್ದದ್ದರಿಂದ ಸಮಿತಿಗಳ ಮುಂದೆ ಕಾದು ನಿಂತವರು ಹೆಂಗಸರು.

ಬಕಿಂಗ್‌ಹ್ಯಾಮ್‌ಷೈರಿನ ಕ್ಲೇಡನ್ ಎಸ್ಟೇಟಿನ ಸರ್ ರಾಲ್ಫ್ ವರ್ನಿಯ ತಂದೆ ರಾಜನ ಧ್ವಜ ಹಿಡಿದು 1642ರಲ್ಲಿ ಎಜ್‌ಹಿಲ್ ಕದನದಲ್ಲಿ ಸತ್ತವರು. ಮಗ ಮಾತ್ರ ಪಾರ್ಲಿಮೆಂಟಿನ ಕಡೆ. ಆದರೆ ಧಾರ್ಮಿಕ ಒಡಂಬಡಿಕೆಗೆ ಸಹಿ ಹಾಕಲು ಮನಸ್ಸಾಗದೆ 1643ರಲ್ಲಿ ಫ್ರಾನ್ಸಿಗೆ ಹೋದರು. ರಾಜನ ಪರ ಕತ್ತಿ ಎತ್ತದಿದ್ದರೂ ಜಮೀನು ಜಪ್ತಿಯಾಯಿತು. ಅದನ್ನು ಬಿಡಿಸಲು 1646ರ ಕೊನೆಯಲ್ಲಿ ಲಂಡನ್ನಿಗೆ ಬಂದವರು ಹೆಂಡತಿ ಮೇರಿ. ಬರುವಾಗ ಗರ್ಭಿಣಿ. ಕೌಂಟಿ ಸಮಿತಿಯಿಂದ ಪ್ರಮಾಣಪತ್ರ ತರಬೇಕು, ಲಂಡನ್ನಿನಲ್ಲಿ ಗುರುತಿನವರನ್ನು ಹಿಡಿಯಬೇಕು, ಸಭೆ ಮುಂದಕ್ಕೆ ಹೋದರೆ ಮತ್ತೆ ಕಾಯಬೇಕು. 1647ರಲ್ಲಿ ಅಲ್ಲೇ ಗಂಡು ಮಗು ಹುಟ್ಟಿತು, ಉಳಿಯಲಿಲ್ಲ. 1648ರ ಜನವರಿಯಲ್ಲಿ ಜಪ್ತಿ ತೆರವಾಯಿತು. ಎರಡು ವರ್ಷದ ಬಳಿಕ ಆಕೆಯೂ ಫ್ರಾನ್ಸಿನಲ್ಲಿ ತೀರಿಕೊಂಡರು.

ಮಾರ್ಗರೆಟ್ ಕ್ಯಾವೆಂಡಿಷ್ ಪ್ರಯತ್ನ ಇದಕ್ಕಿಂತ ಬೇಗ ಮುಗಿಯಿತು. ರಾಜನ ಉತ್ತರದ ಸೈನ್ಯದ ಸೇನಾಪತಿ ನ್ಯೂಕ್ಯಾಸಲ್ ಮಾರ್ಕ್ವೆಸ್‌ನ ಹೆಂಡತಿ ಆಕೆ. 1651ರಲ್ಲಿ ಮೈದುನ ಸರ್ ಚಾರ್ಲ್ಸ್ ಜೊತೆ ಬಂದು ಹೆಂಡತಿಯ ಪಾಲು ಕೇಳಿದಾಗ ಸಮಿತಿ ಕೊಟ್ಟ ಕಾರಣ ನೇರ: ನೀನು ಮದುವೆಯಾದದ್ದು 1645ರಲ್ಲಿ, ಆ ಹೊತ್ತಿಗಾಗಲೇ ನಿನ್ನ ಗಂಡ ತಪ್ಪಿತಸ್ಥ. ತಿಳಿದೂ ತಿಳಿದೂ ಆದ ಮದುವೆಗೆ ಪಾಲಿಲ್ಲ. ಗಂಡನ ಒಟ್ಟು ನಷ್ಟ 9,41,303 ಪೌಂಡ್ ಎಂದು ಆಕೆ ಮುಂದೆ ಬರೆದರು. ಅದರಲ್ಲಿ ಬಡ್ಡಿಯ ಲೆಕ್ಕವೂ ಸೇರಿದೆ, ಹಾಗಾಗಿ ಆ ಅಂಕಿಯನ್ನು ಹಾಗೆಯೇ ನುಂಗಬಾರದು. ಮೈದುನ ತನ್ನ ಪಾಲಿನ ದಂಡ ಕಟ್ಟಿ, ವೆಲ್‌ಬೆಕ್ ಮತ್ತು ಬೋಲ್ಸೋವರ್ ಮನೆಗಳನ್ನು ಕೊಂಡವರಿಂದ ಮತ್ತೆ ಕೊಂಡು ಉಳಿಸಿಕೊಟ್ಟ.

ಕವಿ ಜಾನ್ ಮಿಲ್ಟನ್ ಕೂಡ ಈ ದಂಡ ಕಟ್ಟಿದ್ದ ಎಂದು ಕೇಳಿದ್ದೇನೆ. ಅವನು ಪಾರ್ಲಿಮೆಂಟಿನ ಕಡೆಯವನಲ್ಲವೆ? (ಶಿವಮೊಗ್ಗದಿಂದ, ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ)

ಕೇಳಿದ್ದು ನಿಜ. ಈ ವ್ಯವಸ್ಥೆಯ ಹಲ್ಲು ಎಷ್ಟು ಆಳಕ್ಕೆ ಇಳಿಯುತ್ತಿತ್ತು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಮಿಲ್ಟನ್ನನ ಮಾವ ರಿಚರ್ಡ್ ಪೊವೆಲ್, ಆಕ್ಸ್‌ಫರ್ಡ್ ಪಕ್ಕದ ಫಾರೆಸ್ಟ್ ಹಿಲ್ ಊರಿನವನು, ರಾಜಪಕ್ಷ. ಯುದ್ಧಕ್ಕೆ ಮೊದಲೇ ಸಾಲಗಾರ. 1627ರಲ್ಲಿ ಮಿಲ್ಟನ್ ಮನೆಯವರಿಂದ ಸುಮಾರು 300 ಪೌಂಡ್ ಪಡೆದು, ಅದಕ್ಕೆ 500 ಪೌಂಡಿನ ಮುಚ್ಚಳಿಕೆ ಬರೆದುಕೊಟ್ಟಿದ್ದ. ಸಾಲ ತೀರದಿದ್ದರೆ ಸಾಲ ಕೊಟ್ಟವನು ಜಮೀನನ್ನೇ ಹಿಡಿದುಕೊಂಡು ಹುಟ್ಟುವಳಿಯಿಂದ ಹಣ ಎತ್ತಿಕೊಳ್ಳಬಹುದು ಎಂಬ ಬಗೆಯ ಪತ್ರ ಅದು.

ಆಕ್ಸ್‌ಫರ್ಡ್ ಶರಣಾದಾಗ ಪೊವೆಲ್ ಕುಟುಂಬ ಒಳಗೇ ಇತ್ತು, ಅಂದರೆ ಕರಾರಿನ ರಕ್ಷಣೆ ಇತ್ತು. ಆದರೆ ಅಷ್ಟರಲ್ಲಿ ಫಾರೆಸ್ಟ್ ಹಿಲ್ ಮನೆಯ ಸಾಮಾನು, ಮರಮುಟ್ಟು ಎಲ್ಲದರ ಪಟ್ಟಿಯಾಗಿ ಮಾರಾಟವಾಗಿತ್ತು. ಕಡಿದ ಮರವನ್ನಂತೂ ಯುದ್ಧದಲ್ಲಿ ಹಾಳಾದ ಬ್ಯಾನ್‌ಬರಿ ಪಟ್ಟಣವನ್ನು ಮತ್ತೆ ಕಟ್ಟಲು ಪಾರ್ಲಿಮೆಂಟು ಕೊಟ್ಟುಬಿಟ್ಟಿತು. ಮನೆ ಅಡಮಾನ ಹಿಡಿದಿದ್ದ ಸರ್ ರಾಬರ್ಟ್ ಪೈ ಮನೆಯನ್ನು ವಶಕ್ಕೆ ತೆಗೆದುಕೊಂಡ. ಪೊವೆಲ್ ದಂಪತಿ, ಮಕ್ಕಳು ಲಂಡನ್ನಿನಲ್ಲಿ ಅಳಿಯನ ಮನೆಗೆ ಬಂದು ಸೇರಿದರು. ಡಿಸೆಂಬರಿನಲ್ಲಿ ದಂಡ 180 ಪೌಂಡ್ ಎಂದು ಗೊತ್ತಾಯಿತು. ಹೊಸ ವರ್ಷದ ಹೊತ್ತಿಗೆ ಪೊವೆಲ್ ಅಳಿಯನ ಮನೆಯಲ್ಲೇ ಸತ್ತ. ದಂಡ ಉಳಿಯಿತು.

ಮಿಲ್ಟನ್ ತನ್ನ ಹಳೆಯ ಮುಚ್ಚಳಿಕೆಯ ಬಲದಿಂದ 1647ರಲ್ಲಿ ವೀಟ್‌ಲಿ ಎಂಬಲ್ಲಿನ ಪೊವೆಲ್ ಜಮೀನು ಹಿಡಿದ. ವರ್ಷಕ್ಕೆ ಸುಮಾರು 80 ಪೌಂಡ್ ಬರುವ ಜಮೀನು. ಅದರಿಂದ ವಿಧವೆಯಾದ ಅತ್ತೆ ಆ್ಯನ್ ಪೊವೆಲ್‌ಗೆ ಮೂರನೇ ಒಂದು ಪಾಲು, ಅಂದರೆ 26 ಪೌಂಡ್ 13 ಶಿಲ್ಲಿಂಗ್ 4 ಪೆನ್ಸ್, ಕೊಡುತ್ತಿದ್ದ. 1650ರಲ್ಲಿ ಹೊಸ ಕಾಯ್ದೆ ಬಂತು: ತಪ್ಪಿತಸ್ಥರ ಜಮೀನನ್ನು ಸಾಲಕ್ಕಾಗಿ ಹಿಡಿದಿರುವವರೂ ದಂಡ ಕಟ್ಟಬೇಕು. ಆಗ ಮಿಲ್ಟನ್ ಸರ್ಕಾರದ ವಿದೇಶಿ ಭಾಷೆಗಳ ಕಾರ್ಯದರ್ಶಿ. ಅದರಿಂದ ಏನೂ ಉಪಯೋಗವಾಗಲಿಲ್ಲ. 1651ರಲ್ಲಿ 130 ಪೌಂಡ್ ದಂಡ ಕಟ್ಟಿದ. ವಿಧವೆಯ ಪಾಲನ್ನು ಕಳೆದು ಲೆಕ್ಕ ಹಾಕಿ ಎಂದರೆ ಕಮಿಷನರುಗಳು ಒಪ್ಪಲಿಲ್ಲ. ಒಪ್ಪದ ಮೇಲೆ ಅತ್ತೆಗೆ ಆ ಹಣವೂ ನಿಂತಿತು. ಆಕೆ ವರ್ಷಗಟ್ಟಲೆ ಅರ್ಜಿ ಹಾಕುತ್ತಲೇ ಇದ್ದರು.

ಜನ ಆಸ್ತಿ ಮುಚ್ಚಿಡುತ್ತಿರಲಿಲ್ಲವೆ? (ದಾವಣಗೆರೆಯ ಓದುಗರು)

ಧಾರಾಳವಾಗಿ. ಹುಟ್ಟುವಳಿ ಕಡಿಮೆ ತೋರಿಸುವುದು, ಇಲ್ಲದ ಸಾಲ ಹುಟ್ಟಿಸುವುದು, ಹಿಂದಿನ ತಾರೀಕು ಹಾಕಿ ಮಗನ ಹೆಸರಿಗೆ ಟ್ರಸ್ಟ್ ಪತ್ರ ಬರೆಯುವುದು, ಬೆಳ್ಳಿ ಪಾತ್ರೆ ನೆಂಟರ ಮನೆಗೆ ಸಾಗಿಸುವುದು.

ಹ್ಯಾಬರ್‌ಡ್ಯಾಷರ್ಸ್ ಹಾಲಿನಲ್ಲಿ ಕೂರುತ್ತಿದ್ದ ಇನ್ನೊಂದು ಸಮಿತಿ ಇಂಥದ್ದನ್ನು ಹೊರಗೆಳೆಯುತ್ತಿತ್ತು. ಅದು 1642ರಲ್ಲಿ ಜನರಿಂದ ಸ್ಥಿರಾಸ್ತಿಯ 20ನೇ ಒಂದು, ಚರಾಸ್ತಿಯ 5ನೇ ಒಂದು ಪಾಲನ್ನು ಬಲವಂತದ ಸಾಲವಾಗಿ ಎತ್ತಲು ಹುಟ್ಟಿದ್ದು. ಸುಳಿವು ಕೊಟ್ಟವನಿಗೆ ಸಿಕ್ಕಿದ್ದರಲ್ಲಿ ಪಾಲು. ಕೆಲಸ ಬಿಟ್ಟ ಆಳು, ಜಗಳವಾಡಿದ ನೆಂಟ, ಹಳೆಯ ವ್ಯಾಜ್ಯದ ಎದುರಾಳಿ ಎಲ್ಲರಿಗೂ ಬಾಗಿಲು ತೆರೆದಿತ್ತು. ಮುಚ್ಚಿಟ್ಟದ್ದು ಸಿಕ್ಕಿದರೆ ಆ ಭಾಗ ಮತ್ತೆ ಜಪ್ತಿ, ಮೇಲೆ ಹೊಸ ದಂಡ. ಕ್ಷಮಾಪತ್ರ ಪಟ್ಟಿಯಲ್ಲಿ ಬರೆದ ಜಮೀನಿಗೆ ಮಾತ್ರ ಅನ್ವಯ. ನಿಜವಾಗಿ ಮರೆತು ಬಿಟ್ಟದ್ದಕ್ಕೂ ಇದೇ ನಿಯಮ. ಹಾಗಾಗಿ ಜಾಣರು ಅನುಮಾನದ ಹಕ್ಕನ್ನೂ ಪಟ್ಟಿಯಲ್ಲಿ ಸೇರಿಸುತ್ತಿದ್ದರು.

ಈ ಕಾಲದ ಭಯ ಇಂಗ್ಲೆಂಡಿನ ಆಸ್ತಿ ಕಾನೂನಿನಲ್ಲೂ ಗುರುತು ಬಿಟ್ಟಿದೆ. ತಂದೆ ತಪ್ಪಿತಸ್ಥನಾದರೂ ಇನ್ನೂ ಹುಟ್ಟದ ಮೊಮ್ಮಗನ ಹಕ್ಕು ಕೆಡದಂತೆ ನಡುವೆ ಟ್ರಸ್ಟಿಗಳನ್ನು ಇಡುವ ಪತ್ರದ ಮಾದರಿ ರೂಪುಗೊಂಡದ್ದು ಆಗಲೇ. ಅದರ ಜೊತೆ ಸೇರಿ ಬರುವ ಹೆಸರುಗಳು ಆರ್ಲ್ಯಾಂಡೊ ಬ್ರಿಡ್ಜ್‌ಮನ್ ಮತ್ತು ಜೆಫ್ರಿ ಪಾಮರ್. ಇಬ್ಬರೂ ರಾಜಪಕ್ಷದ ವಕೀಲರು.

ಮಾರಾಟ ಹೇಗೆ ನಡೆಯಿತು? ಕೊಂಡವರು ಯಾರು? (ಬೆಂಗಳೂರಿನ ಓದುಗರು)

ಬಿಷಪ್ಪರ ಜಮೀನು 1646ರಿಂದ, ರಾಜನ ಸ್ವಂತ ಜಮೀನು 1649ರಿಂದ ಮಾರಾಟಕ್ಕೆ ಬಂದಿತ್ತು. ರಾಜಪಕ್ಷದವರದು ಮೂರು ಕಾಯ್ದೆಗಳಲ್ಲಿ: 1651ರ ಜುಲೈಯಲ್ಲಿ ಸುಮಾರು 70 ಹೆಸರು, 1652ರ ಆಗಸ್ಟಿನಲ್ಲಿ 29, ಅದೇ ನವೆಂಬರಿನಲ್ಲಿ 678. ಕೊನೆಯ ಪಟ್ಟಿ ಇಷ್ಟು ಉದ್ದವಾದದ್ದಕ್ಕೆ ಕಾರಣ ಡಚ್ಚರ ಜೊತೆ ಶುರುವಾದ ಸಮುದ್ರಯುದ್ಧ. ನೌಕಾಪಡೆಗೆ ಹಣ ಬೇಕಿತ್ತು. ಆ ಪಟ್ಟಿಯಲ್ಲಿದ್ದ ಬಹಳ ಮಂದಿಗೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವನ್ನೂ ಕೊಟ್ಟಿದ್ದರು. ಮಾರಾಟ ನೋಡಿಕೊಂಡ ಟ್ರಸ್ಟಿಗಳ ಕಚೇರಿ ಲಂಡನ್ನಿನ ಡ್ರೂರಿ ಹೌಸಿನಲ್ಲಿತ್ತು.

ಹಣ ಕೂಡಿಸಲು 'ದುಪ್ಪಟ್ಟು' ಎಂಬ ಉಪಾಯ ಇತ್ತು. ಯುದ್ಧದ ಆರಂಭದಲ್ಲಿ ಒಬ್ಬ ಪಾರ್ಲಿಮೆಂಟಿಗೆ 100 ಪೌಂಡ್ ಸಾಲ ಕೊಟ್ಟಿದ್ದಾನೆ ಎಂದುಕೊಳ್ಳಿ. ಶೇಕಡಾ 8ರ ಬಡ್ಡಿ ಮೂರು ವರ್ಷಕ್ಕೆ ಸೇರಿ 124 ಆಯಿತು. ಸರ್ಕಾರ ತೀರಿಸುತ್ತಿಲ್ಲ. ಅವನು ಇನ್ನೂ 124 ಪೌಂಡ್ ನಗದು ಕೊಟ್ಟರೆ ಒಟ್ಟು 248ಕ್ಕೆ ಮಾರಾಟದ ಜಮೀನೇ ಆಧಾರ. ಆ ಪತ್ರ ಕೊಟ್ಟು ಜಮೀನು ಕೊಳ್ಳಬಹುದು. ನಗದು ಇಲ್ಲದ ಬಡ ಸಾಲದಾತ ತನ್ನ ಹಳೆಯ ಪತ್ರವನ್ನು ಮುಖಬೆಲೆಗಿಂತ ಬಹಳ ಕಡಿಮೆಗೆ ಲಂಡನ್ನಿನ ವ್ಯಾಪಾರಿಗೆ ಮಾರುತ್ತಿದ್ದ, ವ್ಯಾಪಾರಿ ಅದನ್ನು ದುಪ್ಪಟ್ಟು ಮಾಡಿಸುತ್ತಿದ್ದ.

ಕೊಂಡವರ ಪಟ್ಟಿಯಲ್ಲಿ ವ್ಯಾಪಾರಿ, ವಕೀಲ, ಸೈನ್ಯಾಧಿಕಾರಿ, ಗೇಣಿದಾರ ಎಲ್ಲರೂ ಇದ್ದಾರೆ. ಆದರೆ ಆ ಪಟ್ಟಿ ಕಣ್ಣು ತಪ್ಪಿಸುತ್ತದೆ, ಏಕೆಂದರೆ ಬೇನಾಮಿ ಖರೀದಿ ಬಹಳ. ಪಾರ್ಲಿಮೆಂಟಿನ ಸೈನ್ಯದಲ್ಲಿ ಸಮಾನತೆಯ ಮಾತಾಡುತ್ತಿದ್ದ ಜಾನ್ ವೈಲ್ಡ್‌ಮನ್ ಈ ದಲ್ಲಾಳಿ ವ್ಯವಹಾರದಲ್ಲಿ ದೊಡ್ಡ ಹೆಸರು, ಕ್ಯಾಥೊಲಿಕ್ ಮನೆತನಗಳ ಪರವಾಗಿ ಗಿಲ್ಬರ್ಟ್ ಕ್ರೌಚ್ ಕೊಳ್ಳುತ್ತಿದ್ದ. ಹಳೆಯ ಧಣಿ ಸಾಲ ಎತ್ತಿ, ದಲ್ಲಾಳಿಯ ಹೆಸರಿನಲ್ಲಿ ತನ್ನದೇ ಜಮೀನು ಕೊಳ್ಳುತ್ತಿದ್ದ.

ಕಾರವಾರಕ್ಕೂ ಇದಕ್ಕೂ ಏನಾದರೂ ನಂಟಿದೆಯೆ? (ಕಾರವಾರದ ಓದುಗರು)

ತೆಳುವಾದದ್ದು, ಆದರೆ ನಿಜವಾದದ್ದು. 1638ರಲ್ಲಿ ಕಾರವಾರದಲ್ಲಿ ಇಂಗ್ಲಿಷ್ ವ್ಯಾಪಾರಕೋಠಿ ತೆರೆದದ್ದು ಈಸ್ಟ್ ಇಂಡಿಯಾ ಕಂಪನಿಯಲ್ಲ, ಅದಕ್ಕೆ ಪೈಪೋಟಿಯಾಗಿ ಒಂದನೆಯ ಚಾರ್ಲ್ಸ್ ದೊರೆ (ಯುದ್ಧ ಸೋತ ರಾಜ ಇವನೇ) ಪರವಾನಗಿ ಕೊಟ್ಟ ಕೋರ್ಟೀನ್ ಕೂಟ. ಅದರ ಪಾಲುದಾರರಲ್ಲಿ ಒಬ್ಬ ದೊರೆಯ ಆಪ್ತ ಎಂಡಿಮಿಯನ್ ಪೋರ್ಟರ್. ಯುದ್ಧ ಸೋತ ಮೇಲೆ ಪೋರ್ಟರನ ಆಸ್ತಿ ಜಪ್ತಿಯಾಯಿತು. ದೇಶ ಬಿಟ್ಟವನು 1649ರಲ್ಲಿ ಮರಳಿ ಬಂದು ದಂಡ ಗೊತ್ತುಪಡಿಸಿಕೊಂಡ, ಅದೇ ವರ್ಷ ತೀರಿಕೊಂಡ.

ದಂಡ ಕಟ್ಟಿದವರನ್ನು ಆಮೇಲಾದರೂ ಸುಮ್ಮನೆ ಬಿಟ್ಟರೆ? (ಕಲಬುರಗಿಯ ಓದುಗರು)

1652ರ ಫೆಬ್ರವರಿಯಲ್ಲಿ ಸಾರ್ವತ್ರಿಕ ಕ್ಷಮೆಯ ಕಾಯ್ದೆ ಬಂತು. ಆದರೆ 1655ರ ಮಾರ್ಚಿನಲ್ಲಿ ಸಾಲ್ಸ್‌ಬರಿಯ ಕಡೆ ರಾಜಪಕ್ಷದವರ ಪೆನ್ರಡಕ್ ದಂಗೆಯಾದ ಮೇಲೆ, ಆಗ ದೇಶ ಆಳುತ್ತಿದ್ದ ಕ್ರಾಮ್‌ವೆಲ್ ಮೇಜರ್ ಜನರಲ್‌ಗಳನ್ನು ನೇಮಿಸಿ, ಅವರ ಸೈನ್ಯದ ಖರ್ಚಿಗೆ ರಾಜಪಕ್ಷದವರ ಮೇಲೆ ಹತ್ತರಲ್ಲಿ ಒಂದರ ತೆರಿಗೆ ಹಾಕಿದ. ವರ್ಷಕ್ಕೆ 100 ಪೌಂಡ್ ಹುಟ್ಟುವಳಿ ಇದ್ದರೆ 10 ಪೌಂಡ್, ಜಮೀನಿಲ್ಲದೆ 1,500 ಪೌಂಡಿನ ಚರಾಸ್ತಿ ಇದ್ದರೂ 10. ದಂಗೆಗೆ ಸೇರದವರೂ ತೆರಬೇಕಾಯಿತು. ದಂಡ ಕಟ್ಟಿ ಕ್ಷಮಾಪತ್ರ ಪಡೆದವನಿಗೆ ಮತ್ತೆ ಹಳೆಯ ತಪ್ಪಿಗೇ ತೆರಿಗೆ ಹಾಕಿದ್ದು ಕೊಟ್ಟ ಮಾತು ಮುರಿದಂತೆ ಎಂದು ಪಾರ್ಲಿಮೆಂಟಿನೊಳಗೇ ಅನ್ನಿಸಿತು. 1657ರ ಜನವರಿಯಲ್ಲಿ ಅದನ್ನು ಮುಂದುವರಿಸುವ ಮಸೂದೆ ಬಿದ್ದುಹೋಯಿತು.

ನಾನು ಲಂಡನ್ನಿನಲ್ಲಿದ್ದೇನೆ. ಈ ದಾಖಲೆಗಳನ್ನು ನೋಡಬಹುದೆ? (ಲಂಡನ್ನಿನ ಕನ್ನಡಿಗರು)

ನೋಡಬಹುದು. ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಎಸ್‌ಪಿ 23 ಎಂಬ ಸರಣಿಯಲ್ಲಿವೆ. ಒಬ್ಬನ ಕಡತದಲ್ಲಿ ಅರ್ಜಿ, ವಿವರಪಟ್ಟಿ, ವರದಿ ಬೇರೆ ಬೇರೆ ಸಂಪುಟಗಳಲ್ಲಿ ಚದುರಿರಬಹುದು, ಹಾಗಾಗಿ ಮೊದಲು ಹೆಸರಿನ ಸೂಚಿ ನೋಡಿ. ಓದುವಾಗ ಒಂದು ಎಚ್ಚರ: ಹುಟ್ಟುವಳಿಯ ಅಂಕಿ ಕೊಟ್ಟವನು ದಂಡ ಕಡಿಮೆ ಮಾಡಿಸಿಕೊಳ್ಳಬೇಕಾದವನು. ವಿವರಪಟ್ಟಿಯನ್ನು ಕೌಂಟಿ ಸಮಿತಿಯ ವರದಿಯ ಪಕ್ಕದಲ್ಲಿಟ್ಟೇ ಓದಿ.

1660ರಲ್ಲಿ ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಎಲ್ಲರಿಗೂ ಜಮೀನು ಮರಳಿತೆ? (ಚಿತ್ರದುರ್ಗದ ಓದುಗರು)

ರಾಜನದು, ಚರ್ಚಿನದು ಮರಳಿತು. ಕಾಯ್ದೆಯ ಮೂಲಕ ಮಾರಿದ ರಾಜಪಕ್ಷದವರ ಜಮೀನೂ ಬಹುಪಾಲು ಮರಳಿತು. ಕೆಲವರು ಕೋರ್ಟಿಗೆ ಹೋದರು, ದೊಡ್ಡವರು ಪಾರ್ಲಿಮೆಂಟಿನಲ್ಲಿ ಖಾಸಗಿ ಕಾಯ್ದೆ ಮಾಡಿಸಿಕೊಂಡರು, ಬೇನಾಮಿಯಾಗಿ ಕೊಂಡವರು ಮೊದಲೇ ಪಡೆದಾಗಿತ್ತು. ಸರ್ ಜಾನ್ ಸ್ಟಾವೆಲ್‌ಗೂ ಅವನ ಜಮೀನು ಸಿಕ್ಕಿತು.

ಸಿಕ್ಕದೆ ಹೋದದ್ದು ಬೇರೆ ಬಗೆಯದು. ದಂಡ ಕಟ್ಟಲು ತಾನೇ ಸಹಿ ಹಾಕಿ ಒಂದು ಹಳ್ಳಿ, ಒಂದು ತೋಪು ಮಾರಿದವನಿಗೆ ಅದು ಮರಳಲಿಲ್ಲ. ಕಟ್ಟಿದ ದಂಡವೂ ಮರಳಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅದು ಒಪ್ಪಿ ಮಾಡಿದ ಕ್ರಯ. ಕುತ್ತಿಗೆಗೆ ಗಡುವು ಬಿಗಿದಿದ್ದಾಗ ಹಾಕಿದ ಸಹಿ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಪಟ್ಟು ಹಿಡಿದು ಕೂತು ಜಮೀನು ಕಳೆದುಕೊಂಡವನಿಗೆ ಎಲ್ಲ ವಾಪಸು, ತಲೆಬಾಗಿ ದಂಡ ಕಟ್ಟಿದವನಿಗೆ ಸಾಲ. 1660ರ ಕ್ಷಮೆ ಮತ್ತು ಮರೆವಿನ ಕಾಯ್ದೆಗೆ ರಾಜಪಕ್ಷದವರು ಒಂದು ಮಾತು ಕಟ್ಟಿದ್ದರು: ಕ್ಷಮೆ ರಾಜನ ಶತ್ರುಗಳಿಗೆ, ಮರೆವು ರಾಜನ ಮಿತ್ರರಿಗೆ.

ಡರ್ಬಿಯ ಅರ್ಲ್‌ಗಳದು ಇದರಲ್ಲಿ ಕಠಿಣ ಪ್ರಸಂಗ. ಏಳನೆಯ ಅರ್ಲ್ ಜೇಮ್ಸ್ ಸ್ಟ್ಯಾನ್ಲಿಯ ತಲೆಯನ್ನು 1651ರ ಅಕ್ಟೋಬರಿನಲ್ಲಿ ಕಡಿದರು. ವೇಲ್ಸ್ ಗಡಿಯ ಹಾರ್ಡನ್ ಮೊದಲಾದ ಜಮೀನು ಮಾರಾಟವಾದಾಗ ಮಗ ಚಾರ್ಲ್ಸ್ ಕೊಂಡವರ ಕ್ರಯಪತ್ರಗಳಿಗೆ ಒಪ್ಪಿಗೆ ಕೊಟ್ಟಿದ್ದ. ರಾಜ ಮರಳಿದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ಅವನು ತಂದ ಮಸೂದೆಯನ್ನು 1662ರಲ್ಲಿ ಪಾರ್ಲಿಮೆಂಟಿನ ಎರಡೂ ಸದನ ಒಪ್ಪಿದವು. ತನ್ನ ತಂದೆಗಾಗಿ, ತನಗಾಗಿ ತಲೆ ಕೊಟ್ಟವನ ಮಗನ ಮಸೂದೆಗೆ ಎರಡನೆಯ ಚಾರ್ಲ್ಸ್ ಅಂಕಿತ ಹಾಕಲಿಲ್ಲ. ಹಾರ್ಡನ್ ಕೊಂಡವರ ಬಳಿಯೇ ಉಳಿಯಿತು.